ನೀರಿಗೆ ಬಿದ್ದ ನೀತಿ

ಆಂಬ್ರೋಸ್ ಬಿಯರ್ಸ್ ಹೆಸರು ಕೇಳಿದ್ದೀರಾ? 1842ರಲ್ಲಿ ಅಮೆರಿಕದ ಒಹಾಯೋದಲ್ಲಿ ಹುಟ್ಟಿದವನು. ಅಂತರ್ಯುದ್ಧದಲ್ಲಿ, 1864ರಲ್ಲಿ, ತಲೆಗೆ ಗುಂಡು ಬಿದ್ದರೂ ಬದುಕಿಕೊಂಡ. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪತ್ರಕರ್ತನಾಗಿ ದೊಡ್ಡವರನ್ನೆಲ್ಲ ಚುಚ್ಚಿದ. 1913ರ ಕೊನೆಗೆ, 71ರ ವಯಸ್ಸಿನಲ್ಲಿ, ಮೆಕ್ಸಿಕೋ ಕಡೆ ಹೊರಟವನು ಮತ್ತೆ ಪತ್ತೆಯಾಗಲೇ ಇಲ್ಲ.

1899ರಲ್ಲಿ ಬಂದ ಅವನ 'ಫೆಂಟಾಸ್ಟಿಕ್ ಫೇಬಲ್ಸ್' ತುಂಬಾ ಪುಟ್ಟ ಪುಟ್ಟ ಕತೆಗಳು. ಮೊದಲನೆಯದರಲ್ಲಿ, ಒಬ್ಬರಷ್ಟೇ ದಾಟಬಹುದಾದ ಸೇತುವೆ ಮೇಲೆ ನೀತಿ ಮತ್ತು ಲಾಭ ಎದುರುಬದುರಾಗುತ್ತವೆ. ಮೊದಲು ಗುಡುಗಿದ್ದು ನೀತಿಯೇ. ಲಾಭ ಸುಮ್ಮನೆ ದಿಟ್ಟಿಸಿದ್ದಕ್ಕೇ ಮೆತ್ತಗಾಗಿ, ನಾನೇ ಮಲಗ್ತೀನಿ, ನನ್ನ ಮೇಲೆ ನಡೆದು ಹೋಗು ಅನ್ನುತ್ತದೆ. ಲಾಭಕ್ಕೆ ಅದೂ ಹಿಡಿಸುವುದಿಲ್ಲ, ನೀರಿಗಿಳಿ ಅನ್ನುತ್ತದೆ. ಹಾಗೇ ಆಗುತ್ತದೆ!

ಪಂಚತಂತ್ರ ಕೇಳಿ ಬೆಳೆದ ನನ್ನ ಮಗಳಿಗೆ ಇದನ್ನು ಹೇಳಿದೆ.

"ನೀತಿ ಏನಪ್ಪಾ?"

"ನೀರಿಗೆ ಬಿತ್ತಲ್ಲ."

ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ಅದಕ್ಕೆ ಈಜು ಬರತ್ತಾ?"

ಒಮ್ಮೊಮ್ಮೆ ಬರತ್ತೆ ಪುಟ್ಟಿ. 1896ರಲ್ಲಿ ರೈಲ್ವೆ ಧಣಿಗಳು ಸರ್ಕಾರದ ಸಾಲ ತೀರಿಸುವುದನ್ನು ದಶಕಗಟ್ಟಲೆ ಮುಂದೂಡಲು ಮಸೂದೆ ತಂದರು. ಇದೇ ಬಿಯರ್ಸ್ ವಾಷಿಂಗ್ಟನ್ನಿಗೆ ಹೋಗಿ ಕೂತು ಅದರ ವಿರುದ್ಧ ಬರೆದೇ ಬರೆದ. ಮಸೂದೆ ಬಿದ್ದುಹೋಯಿತು. ಮೂರು ವರ್ಷಕ್ಕೆ ಈ ಸೋಲಿನ ಕತೆಯ ಪುಸ್ತಕ ತಂದ. ಅವನನ್ನು ಸಿನಿಕ ಅನ್ನುವವರಿದ್ದಾರೆ. ನನಗಂತೂ ಹಾಗನ್ನಿಸಲ್ಲ... ಸೇತುವೆ ಮೇಲೆ ನಿಂತು ನೋಡಿದವನ ಮಾತು ಅದು.