ಗಮನವನ್ನು ಯಂತ್ರ ಕಲಿಸಬಲ್ಲುದೇ?

ಮನುಷ್ಯನಿಗೆ ದೊರೆತ ಅನುಗ್ರಹಗಳಲ್ಲಿ ಅವನ ಅಂಕೆಗೆ ಅತಿ ಕಡಿಮೆ ಸಿಗುವುದು ಅವನ ಗಮನ. ಕೈಗಳನ್ನು ಕಟ್ಟಿ ನಿಲ್ಲಬಹುದು, ನಾಲಿಗೆಯನ್ನು ತಡೆಹಿಡಿಯಬಹುದು. ಮನಸ್ಸು ಮಾತ್ರ ಅಪ್ಪಣೆ ಕೇಳದೆ ಹೊರಟುಹೋಗುತ್ತದೆ. ಎಲ್ಲೋ ಇಟ್ಟು ಮರೆತ ಬೀಗದ ಕೈ ನೆನಪಾಗುವುದು ನಮಾಝ್‌ಗೆ ನಿಂತಾಗಲೇ. ಹಲವು ವರ್ಷಗಳಿಂದ ಹಿಫ್ಝ್ ತರಗತಿಯಲ್ಲಿ ಮಕ್ಕಳ ಪಾಠ ಕೇಳುತ್ತಿರುವ ನನಗೆ ಇದು ನಿತ್ಯದ ನೋಟ. ತುಟಿಗಳು ಓದುತ್ತಿರುತ್ತವೆ, ಮನಸ್ಸು ಬೇರೆಲ್ಲೋ ಇರುತ್ತದೆ.

ಇತ್ತೀಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಒಂದು ಪ್ರಶ್ನೆ ಹೊತ್ತು ಬಂದನು. ಲೆಕ್ಕಪತ್ರದ ಕೆಲಸದಲ್ಲಿರುವ ಅವನಿಗೆ ಈಗೀಗ ಅಂಕಿಗಳ ಮೇಲೆ ದೃಷ್ಟಿ ನಿಲ್ಲುತ್ತಿಲ್ಲವಂತೆ. ವೈದ್ಯರು ಪರೀಕ್ಷಿಸಿ ಕಾಯಿಲೆಯೇನೂ ಇಲ್ಲವೆಂದಿದ್ದಾರೆ. ‘ನ್ಯೂರೋಫೀಡ್‌ಬ್ಯಾಕ್’ ಎಂಬ ತರಬೇತಿಯಿಂದ ಏಕಾಗ್ರತೆ ಹೆಚ್ಚುವುದೆಂದು ಒಂದು ಕೇಂದ್ರದವರು ಹೇಳಿದ್ದಾರೆ. ಅವರು ಕೇಳುವ ಶುಲ್ಕ ಅವನ ಎರಡು ತಿಂಗಳ ಸಂಬಳ. ತಂಗಿಯ ಮದುವೆಗೆಂದು ಕೂಡಿಟ್ಟ ಹಣವನ್ನು ಅದಕ್ಕೆ ತೊಡಗಿಸಲೇ ಎಂದು ಕೇಳಿದನು. ಉತ್ತರ ಹೇಳುವ ಮುನ್ನ ತಿಳಿದುಕೊಳ್ಳುವುದು ನನ್ನ ಹೊಣೆಯಾಯಿತು.

ಮಿದುಳಿನ ವಿದ್ಯುತ್ತನ್ನು ನೆತ್ತಿಯ ಮೇಲಿನಿಂದಲೇ ಅಳೆಯಬಹುದೆಂದು ತೋರಿಸಿದವರು ಜರ್ಮನಿಯ ಯೇನಾ ನಗರದ ವೈದ್ಯ ಹಾನ್ಸ್ ಬರ್ಗರ್. 1924ರಲ್ಲಿ ಮಾಡಿದ ಈ ದಾಖಲೆಯನ್ನು ಅವರು ಪ್ರಕಟಿಸಿದ್ದು 1929ರಲ್ಲಿ. ನ್ಯೂರೋಫೀಡ್‌ಬ್ಯಾಕ್ ಇದೇ ಅಳತೆಯನ್ನು ಕನ್ನಡಿಯಂತೆ ಬಳಸುತ್ತದೆ. ತಲೆಗೆ ಇಲೆಕ್ಟ್ರೋಡ್‌ಗಳನ್ನು ಅಂಟಿಸುತ್ತಾರೆ. ಬಯಸಿದ ತರಂಗ ಹೆಚ್ಚಿದಾಗ ಪರದೆಯ ಚಿತ್ರ ಚಲಿಸುತ್ತದೆ ಅಥವಾ ನಾದ ಕೇಳಿಸುತ್ತದೆ; ಕುಗ್ಗಿದಾಗ ನಿಲ್ಲುತ್ತದೆ. ಈ ಸೂಚನೆಯನ್ನು ಅನುಸರಿಸುತ್ತಾ ವ್ಯಕ್ತಿಯು ಆ ಸ್ಥಿತಿಗೆ ಮರಳುವುದನ್ನು ಕಲಿಯುತ್ತಾನೆ ಎಂಬುದು ಇದರ ಆಧಾರ. ಗಮನದ ತರಬೇತಿಯಲ್ಲಿ ಬಹಳವಾಗಿ ಬಳಕೆಯಾಗುವುದು ಸೆಕೆಂಡಿಗೆ 12ರಿಂದ 15 ಸಲ ಆಂದೋಲಿಸುವ ತರಂಗ.

ಈ ವಿದ್ಯೆಗೆ ಗೌರವಯುತವಾದ ಹಿನ್ನೆಲೆಯಿದೆ. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಜೋ ಕಾಮಿಯಾ ಎಂಬವರು, ತನ್ನ ಮಿದುಳಿನಲ್ಲಿ ಆಲ್ಫಾ ತರಂಗ ಯಾವಾಗ ಮೂಡುತ್ತದೆಂದು ಮನುಷ್ಯನು ಗುರುತಿಸಲು ಕಲಿಯಬಲ್ಲನೆಂದು ತೋರಿಸಿದರು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬ್ಯಾರಿ ಸ್ಟರ್ಮನ್ ಬೆಕ್ಕುಗಳಿಗೆ ಇಂತಹ ತರಬೇತಿ ನೀಡಿದರು. ರಾಕೆಟ್ ಇಂಧನದ ವಿಷದಿಂದ ಉಂಟಾಗುವ ಸೆಳವನ್ನು ಆ ಬೆಕ್ಕುಗಳು ಉಳಿದವುಗಳಿಗಿಂತ ಹೆಚ್ಚು ಕಾಲ ತಡೆದುಕೊಂಡವು. ಲಂಡನ್ನಿನಲ್ಲಿ ಟೋಬಿಯಾಸ್ ಎಗ್ನರ್ ಮತ್ತು ಜಾನ್ ಗ್ರುಝೆಲಿಯರ್ ಆರೋಗ್ಯವಂತ ವಯಸ್ಕರಿಗೆ ತರಬೇತಿ ನೀಡಿ, ಗಮನದ ಪರೀಕ್ಷೆಗಳಲ್ಲಿ ಸುಧಾರಣೆ ಕಂಡುದಾಗಿ ವರದಿ ಮಾಡಿದರು. ಆದರೆ ಇವರೇ ಸಂಗೀತದ ವಿದ್ಯಾರ್ಥಿಗಳ ಬಗ್ಗೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾದನವನ್ನು ಉತ್ತಮಗೊಳಿಸಿದ್ದು ಗಮನಕ್ಕೆಂದು ನೀಡಿದ ತರಬೇತಿಯಲ್ಲ, ಗಾಢ ವಿಶ್ರಾಂತಿಗೆ ಸಂಬಂಧಿಸಿದ ಇನ್ನೊಂದು ತರಬೇತಿ. ಪರದೆಯ ಮೇಲಿನ ಗೆಲುವು ಬದುಕಿನ ಕೆಲಸಕ್ಕೆ ತಾನಾಗಿಯೇ ಬರುವುದಿಲ್ಲವೆಂಬುದನ್ನು ಇದು ಸೂಚಿಸುತ್ತದೆ.

ಇಲ್ಲಿ ನಾವು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಲಾಭವಾದುದು ತರಂಗದಿಂದಲೋ, ಅಥವಾ ನಂಬಿಕೆ, ಶ್ರಮ ಮತ್ತು ಶಾಂತವಾಗಿ ಕುಳಿತ ಹೊತ್ತಿನಿಂದಲೋ? ಇದನ್ನು ತಿಳಿಯಲು ಸಂಶೋಧಕರು ಕೆಲವರಿಗೆ ಅರಿವಿಲ್ಲದಂತೆ ಸುಳ್ಳು ಸೂಚನೆಯನ್ನು ನೀಡುತ್ತಾರೆ. ಪರದೆ ಚಲಿಸುತ್ತದೆ, ಆದರೆ ಬೇಕೆಂದ ತರಂಗಕ್ಕೆ ಅನುಗುಣವಾಗಿ ಅಲ್ಲ. ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಲ್ಲಿ ಮಾನುಯೆಲ್ ಶಾಬುಸ್ ಮತ್ತು ಸಂಗಡಿಗರು ನಿದ್ರಾಹೀನತೆಯುಳ್ಳವರ ಮೇಲೆ ನಡೆಸಿದ ಇಂತಹ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ನಿಜವಾದ ತರಬೇತಿಯ ಬಳಿಕವೂ ಸುಳ್ಳು ತರಬೇತಿಯ ಬಳಿಕವೂ ಅವರು ತಮಗೆ ಮೇಲಾಗಿದೆಯೆಂದರು. ನಿಜವಾದುದು ಹೆಚ್ಚೇನೂ ಮಾಡಲಿಲ್ಲ. ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿದ್ದ ರಾಬರ್ಟ್ ಟಿಬೋ ಮತ್ತು ಅಮೀರ್ ರಾಝ್ ಕೂಡ, ಈ ತರಬೇತಿಯ ಪ್ರಯೋಜನದಲ್ಲಿ ನಿರೀಕ್ಷೆ ಮತ್ತು ನಂಬಿಕೆಗಳ ಪಾಲು ದೊಡ್ಡದೆಂದು ವಾದಿಸಿದ್ದಾರೆ.

ಹಾಗೆಂದು ಪ್ರಯೋಜನ ಪಡೆದವರನ್ನು ಗೇಲಿ ಮಾಡುವುದು ಸಲ್ಲದು. ದಿನವೂ ಅರ್ಧ ಗಂಟೆ ಫೋನ್ ದೂರವಿಟ್ಟು, ಮನಸ್ಸು ಜಾರಿದೊಡನೆ ಮರಳಿ ಕರೆತರುವ ಅಭ್ಯಾಸ ಯಾರಿಗಾದರೂ ಒಳಿತನ್ನೇ ಮಾಡೀತು. ಹಿಫ್ಝ್ ತರಗತಿಯಲ್ಲಿಯೂ ನಡೆಯುವುದು ಅದೇ. ಹುಡುಗ ಜಾರಿದಲ್ಲಿ ಉಸ್ತಾದರು ತಡೆಯುತ್ತಾರೆ, ಅವನು ಹಿಂದಿನ ಸಾಲಿಗೆ ಮರಳಿ ಮತ್ತೆ ಓದುತ್ತಾನೆ. ತಡೆದದ್ದು ಉಸ್ತಾದರಾದರೂ ಮರಳಿದ್ದು ಅವನೇ. ಯಂತ್ರವೂ ಜಾರಿದುದನ್ನು ಸೂಚಿಸಬಹುದಷ್ಟೆ. ಮರಳುವ ಕೆಲಸವನ್ನು ಅದು ನಮಗಾಗಿ ಮಾಡಲಾರದು.

ನಾನು ಆ ಯುವಕನಿಗೆ ಹೇಳಿದ್ದು ಇಷ್ಟೆ. ಸುಳ್ಳು ಸೂಚನೆಗಿಂತ ತಮ್ಮ ತರಬೇತಿ ಮೇಲೆಂಬುದಕ್ಕೆ, ನಿನ್ನಂತಹ ಆರೋಗ್ಯವಂತರಲ್ಲಿ ಯಾವ ಆಧಾರವಿದೆಯೆಂದು ಆ ಕೇಂದ್ರದವರನ್ನು ಕೇಳು. ಸ್ಪಷ್ಟ ಉತ್ತರ ಬಾರದಿದ್ದರೆ ತಂಗಿಯ ಹಣವನ್ನು ಮುಟ್ಟಬೇಡ. ರಾತ್ರಿ ಒಂದು ಗಂಟೆಯ ತನಕ ಫೋನ್ ನೋಡಿ, ಐದು ಗಂಟೆಗೆ ಏಳುವವನು ಮೊದಲು ಮರಳಿ ಪಡೆಯಬೇಕಾದುದು ನಿದ್ರೆಯನ್ನು. ಅದಕ್ಕೆ ಶುಲ್ಕವಿಲ್ಲ. ಅವನಿಗೆ ನನ್ನ ಮಾತು ಪೂರ್ತಿ ಹಿಡಿಸಲಿಲ್ಲ; ಯಂತ್ರವಾದರೆ ಅಂಕಿಯನ್ನಾದರೂ ತೋರಿಸುತ್ತದಲ್ಲ ಎಂದನು. ಲೆಕ್ಕ ಬರೆಯುವವನಿಗೆ ಅಂಕಿಯ ಮೇಲೆ ಭರವಸೆ ಸಹಜ.

ನಮ್ಮ ಮನೆಗಳಲ್ಲಿಯೂ ಇಂತಹ ಪ್ರಶ್ನೆ ಬರಬಹುದು. ವಿಜ್ಞಾನವನ್ನು ಅನುಮಾನಿಸುವ ಅಗತ್ಯವಿಲ್ಲ. ಅದರ ಹೆಸರಿನಲ್ಲಿ ಮಾರಾಟಕ್ಕಿರುವುದನ್ನು ವಿಜ್ಞಾನದ ಅಳತೆಯಿಂದಲೇ ಅಳೆದು ನೋಡೋಣ. ಗಮನವನ್ನು ಕಸಿಯುವ ಸಾಧನವನ್ನು ದಿಂಬಿನ ಕೆಳಗಿಟ್ಟುಕೊಂಡು, ಗಮನವನ್ನು ಮರಳಿಸುವ ಸಾಧನಕ್ಕೆ ಹಣ ತೆರುವ ಮುನ್ನ, ಆ ದಿಂಬಿನ ಕೆಳಗೊಮ್ಮೆ ಕೈಹಾಕೋಣ.