ಬಾಟಲಿ ತುಂಬುವ ಕೆಲಸ

ಪ್ರಿಯ ಸುಮಿತ್ರಕ್ಕ,

ನಿಮ್ಮ ಕಾಗದ ಓದಿದೆ. ಮಗಳು ರಜೆಯಲ್ಲಿ ಕಾಲೇಜಿನ ಮೇಡಂ ಜೊತೆ ಪಾವಗಡದ ಹಳ್ಳಿಗಳಿಗೆ ಹೋಗಿ, ಬೋರ್‌ವೆಲ್ ನೀರಿನ ಫ್ಲೋರೈಡ್ ಅಧ್ಯಯನಕ್ಕೆ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ. ‘ಬಿಎಸ್ಸಿ ಎರಡನೇ ವರ್ಷದ ಹುಡುಗಿಗೆ ಬಾಟಲಿ ತುಂಬಿಸೋದು ಬಿಟ್ಟು ಇನ್ನೇನು ಕೆಲಸ ಕೊಟ್ಟಾರು?’ ಅಂತ ಕೇಳಿದ್ದೀರಿ.

ಬಾಟಲಿ ತುಂಬಿಸೋ ಕೆಲಸವನ್ನೇ ಕೊಡ್ತಾರೆ, ಅನುಮಾನ ಬೇಡ. ಆದರೆ ಅದೇನು ಸಣ್ಣ ಕೆಲಸವಲ್ಲ ಅಕ್ಕ.

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಫ್ಲಿಂಟ್ ಅಂತ ಒಂದು ಊರು. 2014ರ ಏಪ್ರಿಲ್‌ನಲ್ಲಿ ಖರ್ಚು ಉಳಿಸಲು ಡೆಟ್ರಾಯಿಟ್‌ನಿಂದ ಬರುತ್ತಿದ್ದ ನೀರು ನಿಲ್ಲಿಸಿ, ಫ್ಲಿಂಟ್ ನದಿಯ ನೀರನ್ನು ನಲ್ಲಿಗೆ ಬಿಟ್ಟರು. ಪೈಪು ಸವೆಯದಂತೆ ತಡೆಯುವ ರಾಸಾಯನಿಕವನ್ನು ಮಾತ್ರ ಬೆರೆಸಲಿಲ್ಲ. ಹಳೇ ಪೈಪುಗಳ ಸೀಸ ಕುಡಿಯುವ ನೀರಿಗೆ ಇಳಿಯಿತು. ಜನ ಕಂದು ಬಣ್ಣದ ನೀರು ಹಿಡಿದು ತಂದು ತೋರಿಸಿದರೂ ಅಧಿಕಾರಿಗಳದ್ದು ಒಂದೇ ಮಾತು: ನೀರು ಸರಿಯಾಗಿದೆ. ಲೀಆನ್ ವಾಲ್ಟರ್ಸ್ ಎಂಬ ತಾಯಿ ಸುಮ್ಮನಾಗಲಿಲ್ಲ. ಆಕೆಯ ಮನೆಯ ನೀರು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಎಡ್ವರ್ಡ್ಸ್ ಅವರ ಲ್ಯಾಬ್ ಸೇರಿತು. 2015ರಲ್ಲಿ ಆ ಲ್ಯಾಬಿನಿಂದ ನೀರಿನ ಮಾದರಿ ಹಿಡಿಯುವ 300 ಕಿಟ್‌ಗಳು ಫ್ಲಿಂಟ್‌ಗೆ ಹೋದವು. ಆ ತಂಡದಲ್ಲಿ ಪಿಎಚ್‌ಡಿಯವರ ಜೊತೆ ಪದವಿ ತರಗತಿಯ ಹುಡುಗ ಹುಡುಗಿಯರೂ ಇದ್ದರು.

ಒಂದು ಕಿಟ್‌ನಲ್ಲಿ ಮೂರು ಬಾಟಲಿ. ಯಾಕೆ ಮೂರು? ಇಲ್ಲೇ ಇರೋದು ಸ್ವಾರಸ್ಯ. ಆರು ಗಂಟೆ ಕಾಲ ಮನೆಯ ನೀರನ್ನು ಮುಟ್ಟಬಾರದು. ಆಮೇಲೆ ನಲ್ಲಿ ತಿರುಗಿಸಿದೊಡನೆ ಬರುವ ನೀರು ಮೊದಲ ಬಾಟಲಿಗೆ. 45 ಸೆಕೆಂಡ್ ಹರಿಸಿ ಎರಡನೆಯದು, ಎರಡು ನಿಮಿಷ ಹರಿಸಿ ಮೂರನೆಯದು. ನಲ್ಲಿಯ ಬುಡದ ನೀರು ಒಂದು ಕಥೆ ಹೇಳಿದರೆ ರಸ್ತೆ ಕಡೆಯ ಪೈಪಿನಲ್ಲಿ ನಿಂತ ನೀರು ಇನ್ನೊಂದು ಹೇಳುತ್ತದೆ. ಸರ್ಕಾರದವರು ತಮ್ಮ ಪರೀಕ್ಷೆಗೆ ಕೊಟ್ಟಿದ್ದ ಸೂಚನೆ ಏನು ಗೊತ್ತೇ? ಹಿಂದಿನ ರಾತ್ರಿಯೇ ಐದು ನಿಮಿಷ ನಲ್ಲಿ ಬಿಟ್ಟು ನೀರು ಹರಿಸಿಬಿಡಿ ಅಂತ! ಇದ್ದ ಸೀಸವೆಲ್ಲ ಮೋರಿ ಸೇರಿದ ಮೇಲೆ ಬಾಟಲಿಯಲ್ಲಿ ಏನು ಸಿಕ್ಕೀತು? ಯಂತ್ರ ಎಷ್ಟೇ ದುಬಾರಿಯದ್ದಾಗಲಿ, ಬಾಟಲಿ ತುಂಬಿದ ಕೈಯಲ್ಲೇ ಅರ್ಧ ತೀರ್ಪು ಆಗಿಹೋಗಿರುತ್ತದೆ.

ಕಿಟ್‌ಗಳನ್ನು ಮನೆಮನೆಗೆ ಹಂಚಿ, ತುಂಬಿಸಿ, ವಾಪಸ್ ತಂದವರು ಫ್ಲಿಂಟ್‌ನ ಜನರೇ. ಪತ್ರಿಕೆಗಳು ಪ್ರೊಫೆಸರರನ್ನು ಹೊಗಳಿದಷ್ಟು ಇವರನ್ನು ಹೊಗಳಲಿಲ್ಲ ಅನ್ನೋದು ನನ್ನ ತಕರಾರು. 250ಕ್ಕೂ ಹೆಚ್ಚು ಮನೆಗಳ ನೀರು ವಾಪಸ್ ಬಂತು. ಲೀಟರಿಗೆ 15 ಮೈಕ್ರೋಗ್ರಾಂ ಸೀಸ ದಾಟಿದರೆ ಕ್ರಮ ಕೈಗೊಳ್ಳಬೇಕು ಎನ್ನುವುದು ಆಗ ಅಲ್ಲಿದ್ದ ನಿಯಮ. ಸುಮಾರು ಹತ್ತು ಮನೆಗೊಂದರಂತೆ 25 ದಾಟಿತ್ತು. ಅಷ್ಟರಲ್ಲಿ ಮಕ್ಕಳ ವೈದ್ಯೆ ಮೋನಾ ಹನ್ನಾ-ಅಟಿಶಾ ಮಕ್ಕಳ ರಕ್ತದಲ್ಲೂ ಸೀಸ ಹೆಚ್ಚಿರುವುದನ್ನು ತೋರಿಸಿದರು. ಆ ಅಕ್ಟೋಬರ್‌ನಲ್ಲೇ ಡೆಟ್ರಾಯಿಟ್ ನೀರು ಮತ್ತೆ ಬಂತು.

ಇನ್ನು ಮಗಳ ವಿಷಯ. 2024ರಿಂದ ನಮ್ಮ ಕರ್ನಾಟಕದಲ್ಲಿ ಪದವಿ ಮತ್ತೆ ಮೂರೇ ವರ್ಷ. ನಾಲ್ಕನೇ ವರ್ಷದಲ್ಲಿ ಸಂಶೋಧನೆ ಮಾಡಿಯಾಳು ಎಂದು ಕಾಯುವ ಹಾಗಿಲ್ಲ, ಸಿಕ್ಕ ರಜೆಯೇ ಗತಿ. ಕಳಿಸಿ. ಆದರೆ ಮೇಡಂ ಹತ್ತಿರ ಒಂದು ಮಾತು ಮೊದಲೇ ಕೇಳಲಿ: ನೀರು ಕೊಟ್ಟ ಮನೆಗೆ ಫಲಿತಾಂಶ ಯಾರು ಹೇಳುತ್ತಾರೆ, ಯಾವಾಗ? ಪಾವಗಡದ ಕಡೆ ಫ್ಲೋರೈಡ್‌ನಿಂದ ಹಲ್ಲು ಕಂದಾದ ಮಕ್ಕಳನ್ನು ನೀವೇ ನೋಡಿದ್ದೀರಿ. ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ನಮ್ಮ ದೇಶದ ಮಿತಿ, ಬೇರೆ ನೀರೇ ಇಲ್ಲವೆಂದರೆ 1.5. ತಮ್ಮ ಬೋರಿನದು ಎಷ್ಟು ಅಂತ ಆ ಮನೆಯ ಅಜ್ಜಿಗೆ ತಿಳಿಸದೆ ಬರೀ ಪ್ರಬಂಧ ಬರೆದುಕೊಳ್ಳುವುದಾದರೆ, ಅಂಥ ಕೆಲಸಕ್ಕೆ ಹೋಗುವುದೇ ಬೇಡ.

ಹೋಗುವಾಗ ಪ್ಲಾಸ್ಟಿಕ್ ಬಾಟಲಿಯನ್ನೇ ಒಯ್ಯಲಿ. ಫ್ಲೋರೈಡ್ ಗಾಜಿನೊಡನೆ ವರ್ತಿಸಿ ಲೆಕ್ಕ ಕೆಡಿಸಬಹುದು. ಬೋರು ಎಷ್ಟು ಅಡಿ ಆಳ ಅಂತ ಮರೆಯದೆ ಕೇಳಿ ಬರೆದುಕೊಳ್ಳಲಿ. ಮತ್ತೆ ಅಕ್ಕ, ಆ ಬಿಸಿಲಿಗೆ ಒಂದು ಟೋಪಿ.

ಇಂತಿ ನಿಮ್ಮ,
ಪತ್ರಮಿತ್ರ