ಪದ್ಯದ ಅರ್ಥ, ಪಟದ ಅರ್ಥ

ಮಕ್ಕಳು ಮನೆಯಲ್ಲಿ ಬರೆದು ತರಬೇಕೆಂದು ಶಾಲೆಗಳಲ್ಲಿ ಕೊಡುವ ಪ್ರಶ್ನೆಗಳೊಳಗೆ ‘ಈ ಪದ್ಯದ ಭಾವಾರ್ಥವೇನು?’, ‘ಈ ಚಿತ್ರದ ಅರ್ಥವನ್ನು ಹತ್ತು ವಾಕ್ಯಗಳಲ್ಲಿ ಬರೆ’ ಎಂಬಿವು ಗೃಹಸ್ಥರನ್ನು ಕಾಡುವಷ್ಟು ಲೆಕ್ಕಗಳೂ ಕಾಡವು. ಲೆಕ್ಕಕ್ಕೆ ಉತ್ತರವೊಂದೇ, ಅರ್ಥಕ್ಕೆ ಹಾಗಲ್ಲ. ಆದುದರಿಂದ ತಂದೆಯಾದವನು ಕೈಪಿಡಿಯನ್ನು ಕೊಂಡು ತರುತ್ತಾನೆ. ಈಚೆಗೆ ಫೋನಿನಲ್ಲಿಯೂ ಸಿದ್ಧವಾದ ಉತ್ತರವು ದೊರೆಯುತ್ತದೆ. ಮಗುವು ಅದನ್ನು ನೋಡಿ ಬರೆಯುತ್ತದೆ. ಪದ್ಯವನ್ನು ಮಾತ್ರ ಮನೆಯಲ್ಲಿ ಯಾರೂ ಓದಿರುವುದಿಲ್ಲ.

ಕಳೆದ ತಿಂಗಳು ನೆರೆಮನೆಯ ಬಾಲಿಕೆಯು ಶಕುಂತಲೆಯ ಪಟವೊಂದನ್ನು ಹಿಡಿದು ಬಂದಳು. ರಾಜಾ ರವಿವರ್ಮನು (1848–1906) ಬರೆದುದು. ಅವನು 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟವನ್ನು ತೆರೆದ ಮೇಲೆ ಅವನ ಪಟಗಳು ಎಷ್ಟೋ ಮನೆಗಳ ಗೋಡೆಯನ್ನೇರಿದುವು. “ತಾತಾ, ಇದರ ಅರ್ಥ ಹೇಳಿ, ಬರೆದುಕೊಳ್ಳುತ್ತೇನೆ” ಎಂದಳು. “ನಿನಗೇನು ಕಾಣುತ್ತದೆ, ಮೊದಲು ಹೇಳಮ್ಮ” ಎಂದೆವು.

“ಕಾಲಿಗೆ ಮುಳ್ಳು ಚುಚ್ಚಿದೆ. ಗೆಳತಿಯನ್ನು ಹಿಡಿದುಕೊಂಡು ತೆಗೆಯುತ್ತಿದ್ದಾಳೆ.”

“ಮುಳ್ಳು ತೆಗೆಯುವವಳ ಕಣ್ಣು ಎಲ್ಲಿರಬೇಕು?”

ಹುಡುಗಿ ಮತ್ತೆ ನೋಡಿದಳು. “ಕಾಲಿನ ಮೇಲೆ. ಇವಳು ಹಿಂದಕ್ಕೆ ನೋಡುತ್ತಿದ್ದಾಳೆ! ಅಲ್ಲಿ ಯಾರೋ ಇದ್ದಾರೆ, ಚಿತ್ರದಲ್ಲಿ ಬರೆದಿಲ್ಲ.” ಅಷ್ಟು ಹೇಳಿ ಬಾಯಿಗೆ ಕೈ ಮುಚ್ಚಿಕೊಂಡು ನಕ್ಕಳು.

ಕಾಳಿದಾಸನ ನಾಟಕದ ಪ್ರಥಮಾಂಕದ ಕೊನೆಯಲ್ಲಿ ಶಕುಂತಲೆಯು ದರ್ಭೆಯ ಮೊನೆ ಚುಚ್ಚಿತೆಂದು ನೆವ ಹೂಡಿ ತಡೆದು ನಿಲ್ಲುವುದನ್ನು ಬಲ್ಲ ವಾಚಕರಿಗೆ ಇದು ಹೊಸದಲ್ಲ. ಆದರೆ ಆ ಬಾಲಿಕೆಯು ನಾಟಕವನ್ನು ಕೇಳಿದವಳೇ ಅಲ್ಲ. ದೊರೆಯನ್ನು ಬರೆಯದೆ ಕೊರಳಿನ ತಿರುವಿನಲ್ಲಿಯೇ ತೋರಿಸಿದ ಚಿತ್ರಕಾರನ ಯುಕ್ತಿಯನ್ನು ಅವಳು ತಾನಾಗಿ ಕಂಡಳು. ಹೇಳಿದ ಮಾತಿನ ಮೂಲಕ ಹೇಳದುದು ತೋರುವ ಇದನ್ನೇ ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಧ್ವನಿಯೆಂದು ಕರೆದನು. ಶಾಸ್ತ್ರವೆಂದು ಅಂಜಬೇಕಾದುದಿಲ್ಲ. ಅತ್ತೆಯು ಸಂಜೆಯಲ್ಲಿ “ಕತ್ತಲಾಗುತ್ತ ಬಂತು” ಎಂದರೆ ಸೊಸೆಗೆ ದೀಪದ ನೆನಪಾಗುತ್ತದೆ, ಬೀದಿಯಲ್ಲಿ ಆಡುವ ಹುಡುಗನಿಗೆ ಮನೆಯ ನೆನಪಾಗುತ್ತದೆ.

ಹಾಗೆಂದು ತೋಚಿದುದೆಲ್ಲವೂ ಅರ್ಥವಾಗದು. ಆ ಹುಡುಗಿಯ ಅಣ್ಣನು, “ಹಿಂದೆ ಹುಲಿ ಬಂದಿರಬೇಕು” ಎಂದನು. “ಹುಲಿಯನ್ನು ಕಂಡವಳು ಮುಳ್ಳು ತೆಗೆಯಲು ನಿಲ್ಲುವಳೇನಪ್ಪ?” ಎಂದೊಡನೆ ತಾನೇ ಬಿಟ್ಟನು. ಮೂಲವಿಲ್ಲದುದನ್ನು ಬರೆಯೆನೆಂದು ವ್ಯಾಖ್ಯಾನಕಾರ ಮಲ್ಲಿನಾಥನು ಮಾಡಿದ ಪ್ರತಿಜ್ಞೆಯೊಂದು ಮನೆಯಲ್ಲಿದ್ದರೆ ಸಾಕು. ‘ಅದು ಎಲ್ಲಿದೆ, ತೋರಿಸು’ ಎಂದು ಕೇಳಲು ತಾಯಂದಿರಿಗೆ ಪಾಂಡಿತ್ಯವೇನೂ ಬೇಡ.

ಬಾಲಿಕೆಯು ಕಂಡುದನ್ನು ಏಳು ವಾಕ್ಯಗಳಲ್ಲಿ ಬರೆದು ಕೊಟ್ಟಳು. ಪುಸ್ತಕವು ಕೆಂಪು ಗೆರೆಯೊಡನೆ ಅರ್ಧ ಅಂಕವನ್ನು ಹೊತ್ತು ಮರಳಿತು, ಕೈಪಿಡಿಯಲ್ಲಿ ‘ಪ್ರಕೃತಿಸೌಂದರ್ಯ’ವೆಂದಿದ್ದಿತಂತೆ. ರಾತ್ರಿ ಅರುವತ್ತು ಪುಸ್ತಕಗಳನ್ನು ತಿದ್ದುವ ಉಪಾಧ್ಯಾಯರ ಕಷ್ಟವನ್ನು ನಾವು ಬಲ್ಲೆವು, ಅವರನ್ನು ದೂರೆವು. ಆದರೆ ಅವಳ ತಂದೆಯವರು, “ಇನ್ನು ಮೇಲೆ ಕೈಪಿಡಿಯಲ್ಲಿದ್ದಂತೆಯೇ ಬರೆ” ಎಂದು ಅಪ್ಪಣೆಮಾಡಿದುದು ನಮಗೆ ಸರಿದೋರಲಿಲ್ಲ. ಅವರಿಗೆ ಹಾಗೆಂದೇ ಹೇಳಿದೆವು. “ಅಂಕಗಳನ್ನು ನೀವು ಕೊಡುತ್ತೀರಾ, ಮೇಷ್ಟರೇ?” ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮುಂದಿನ ವಾರ ಅವಳು ಪದ್ಯವೊಂದನ್ನು ತಂದಳು. ಏನು ಕಾಣುತ್ತದೆಯೆಂದು ಕೇಳಿದರೆ, “ನಾನು ಕಂಡದ್ದು ತಪ್ಪಾಗುತ್ತದೆ, ನೀವೇ ಹೇಳಿಬಿಡಿ ತಾತಾ” ಎಂದು ತಲೆ ತಗ್ಗಿಸಿದಳು. ಅರ್ಧ ಅಂಕವು ಹೋದುದಕ್ಕಿಂತ ಈ ಮಾತು ನಮ್ಮನ್ನು ನೋಯಿಸಿತು. ಶಾಲೆಯ ಪುಸ್ತಕದಲ್ಲಿ ಶಾಲೆಯ ಉತ್ತರವನ್ನು ಬರೆಯಲಿ. ಕಂಡುದನ್ನು ಬರೆಯಲು ನಲವತ್ತು ಪುಟಗಳ ಬೇರೊಂದು ಪುಸ್ತಕವನ್ನು ನಾವೇ ಕೊಂಡುಕೊಟ್ಟೆವು. ಅದರಲ್ಲಿ ಈವರೆಗೆ ಎರಡು ಪುಟಗಳು ತುಂಬಿವೆ. ತಂದೆಯವರು ಇನ್ನೂ ನೋಡಿಲ್ಲ.